ಹದಿನಾಲ್ಕನೇ ನಿಮಿಷದ ಶಿಳ್ಳೆ

ನಾನು ಹಲ್ಲು ಕಟ್ಟುವವನು. ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿ ತೆರೆಸಿ ಅಚ್ಚು ತೆಗೆದು ಡಬ್ಬಿಯಲ್ಲಿ ಕಳಿಸುತ್ತಾರೆ. ನಾನು ನನ್ನ ಒಂದೂವರೆ ಕೋಣೆಯ ಲ್ಯಾಬಿನಲ್ಲಿ ಕೂತು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸ್ ಕಳಿಸುತ್ತೇನೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ನಮ್ಮೂರಿನ ಎಷ್ಟೋ ಜನ ನನ್ನ ಹಲ್ಲಿನಲ್ಲಿ ಉಣ್ಣುತ್ತಾರೆ, ನನ್ನ ಹಲ್ಲಿನಲ್ಲೇ ಹೆಂಡತಿಗೆ ಬೈಯುತ್ತಾರೆ. ಎದುರಿಗೆ ಸಿಕ್ಕರೆ ಮಾತ್ರ ನಾನು ಯಾರೋ ಅವರು ಯಾರೋ. ಇದರಿಂದ ನನಗೇನೂ ಬೇಜಾರಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು.

ಹಾಗಾಗಿ ದೊಡ್ಡವರ ಮೇಲ್ದವಡೆಯ ಅಚ್ಚು ನನ್ನ ಮೇಜಿಗೆ ಬಂದ ದಿನ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ದೊಡ್ಡವರೆಂದರೆ ಹಾಡುಗಾರ ದೊಡ್ಡವರು. ಎಪ್ಪತ್ತಾರು ವರ್ಷ. ನಾನು ಹುಟ್ಟುವ ಮೊದಲೇ ಹಾಡುತ್ತಿದ್ದವರು, ನನ್ನ ತಲೆ ಬೋಳಾದ ಮೇಲೂ ಹಾಡುತ್ತಿರುವವರು. ಡಾಕ್ಟರು ಫೋನಿನಲ್ಲಿ ದನಿ ತಗ್ಗಿಸಿ ಹೇಳಿದರು: “ಯಾರ ಹತ್ರಾನೂ ಬಾಯಿ ಬಿಡಬೇಡಿ. ಹಲ್ಲು ಕಟ್ಟಿಸಿದಾರೆ ಅಂತ ಗೊತ್ತಾದ್ರೆ ಜನ ಹಾಡು ಕೇಳಲ್ಲ, ಬಾಯಿ ನೋಡ್ತಾ ಕೂತ್ಕೋತಾರೆ.”

ನಾನು ಬಾಯಿ ಬಿಡಲಿಲ್ಲ. ಆದರೆ ಕೈ ಸುಮ್ಮನಿರಬೇಕಲ್ಲ!

ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ಗೋಡೆಗೆ ದೊಡ್ಡವರ ಮೊದಲ ಕ್ಯಾಸೆಟ್ಟಿನ ಹೊದಿಕೆ ಅಂಟಿಸಿಕೊಂಡಿದ್ದೆ. ಅದರಲ್ಲೊಬ್ಬ ಯುವಕ ಓರೆಯಾಗಿ ನಿಂತು ನಗುತ್ತಿದ್ದ. ಮುಂದಿನ ಎರಡು ಹಲ್ಲಿನ ನಡುವೆ ಅಕ್ಕಿಕಾಳು ತೂರುವಷ್ಟು ಸಂದು. ಆಮೇಲೆ ಬಂದ ಫೋಟೋಗಳಲ್ಲೆಲ್ಲ ದೊಡ್ಡವರು ಒಂದೋ ಬಾಯಿ ಬಿಗಿದಿರುತ್ತಿದ್ದರು, ಇಲ್ಲವೇ ಹಾಡುತ್ತ ಅಂಗುಳು ಕಾಣುವಷ್ಟು ತೆರೆದಿರುತ್ತಿದ್ದರು. ಆ ನಗು ಮತ್ತೆ ಕಂಡಿರಲಿಲ್ಲ. ಅದನ್ನು ವಾಪಸ್ ಕೊಡಬೇಕಾದವನು ಈ ಭೂಮಿಯ ಮೇಲೆ ನಾನೊಬ್ಬನೇ ಎಂದು ನನಗೆ ಆ ಮಧ್ಯಾಹ್ನ ಖಚಿತವಾಯಿತು. ಸಂದು ಬಿಟ್ಟೇ ಹಲ್ಲು ಕೂರಿಸಿದೆ.

“ಏನಪ್ಪಾ ಇದು, ನಡುವೆ ಗೇಟ್ ಇಟ್ಟಿದೀರಲ್ಲ?” ಎಂದರು ಡಾಕ್ಟರು.

“ಅವರ ಬಾಯಿ ಇರೋದೇ ಹಾಗೆ ಡಾಕ್ಟ್ರೇ. ಲೋಕಕ್ಕೇ ಗೊತ್ತು.”

ಸಂಗೀತವೆಂದರೆ ಜಾಹೀರಾತಿನ ನಡುವೆ ಬರುವುದು ಎಂದು ತಿಳಿದಿದ್ದ ಡಾಕ್ಟರು, ಲೋಕಕ್ಕೆ ಗೊತ್ತಿದ್ದರೆ ತನಗೇನು ಎಂದು ಸುಮ್ಮನಾದರು. ಡಾಕ್ಟರೇ ಕೂರಿಸಿದ ಮೇಲೆ ಸರಿಯೇ ಇರಬೇಕು ಎಂದು ದೊಡ್ಡವರೂ ಸುಮ್ಮನಾದರು.

ಸಂಗೀತ ಸಂಘದ ಸಭಾಂಗಣದಲ್ಲಿ ಕಛೇರಿ. ನನಗೆ ಮೂರನೇ ಸಾಲಿನಲ್ಲಿ ಜಾಗ. ಪಾಸು ಕೊಡಿಸಿದವನು ನನ್ನ ಭಾಮೈದ, ಹೆಂಡತಿಯ ಒಬ್ಬನೇ ತಮ್ಮ. ಅವನು ಆ ಸಭಾಂಗಣದ ಮೈಕಿನವನು. ಆರು ವರ್ಷ ಅವರಿವರ ಹಿಂದೆ ವೈರು ಸುತ್ತಿಕೊಂಡು ಅಲೆದು, ಹೋದ ವರ್ಷವಷ್ಟೇ ಅಲ್ಲಿ ಖಾಯಂ ಆಗಿದ್ದ. ತನ್ನ ಧ್ವನಿಯ ಪೆಟ್ಟಿಗೆಯನ್ನು ದಿನಕ್ಕೆರಡು ಸಲ ಒರೆಸುವಂಥವನು. ಅವನ ಮನೆಯ ಕುರ್ಚಿ ಯಾರಾದರೂ ಒರೆಸಿದ್ದನ್ನು ನಾನು ನೋಡಿಲ್ಲ.

ದೊಡ್ಡವರು ಹಾಡಿದರು. ನಾನು ಹಾಡು ಕೇಳಲಿಲ್ಲ, ಬಾಯಿಯನ್ನೇ ನೋಡುತ್ತ ಕೂತಿದ್ದೆ. ಎಂಥ ಹೊಳಪು! ಮನೆಗೆ ಬಂದಾಗ ಹೆಂಡತಿ, “ಯಾವ್ಯಾವ ಹಾಡು ಹೇಳಿದ್ರು?” ಎಂದಳು. ಒಂದೂ ನೆನಪಾಗಲಿಲ್ಲ.

ಎರಡು ದಿನಕ್ಕೆ ಸಂಘದವರು ವಿಡಿಯೋ ಹಾಕಿದರು. ಹದಿನಾಲ್ಕನೇ ನಿಮಿಷದಲ್ಲಿ, ‘ಸ’ಕಾರ ಹಿಡಿದು ದೊಡ್ಡವರು ಮೇಲಕ್ಕೇರಿದ ಕಡೆ, ‘ಸುಂಯ್’ ಎಂದು ಸಣ್ಣ ಶಿಳ್ಳೆ. ಆಮೇಲೆ ಕಿವಿ ಕೊಟ್ಟು ಕೇಳಿದರೆ ‘ಸ’ ಬಂದಲ್ಲೆಲ್ಲ ಶಿಳ್ಳೆ. ಆ ಅಕ್ಕಿಕಾಳಿನ ಸಂದಿಯಲ್ಲಿ ಗಾಳಿಯೂ ತೂರುತ್ತದೆ ಎಂಬುದು ಇಪ್ಪತ್ತಾರು ವರ್ಷದ ಅನುಭವಸ್ಥನಿಗೆ ಹೊಳೆದಿರಲಿಲ್ಲ.

ವಿಡಿಯೋ ಕೆಳಗೆ ಅಭಿಮಾನಿಗಳು ಆಗಲೇ ಎರಡು ಪಕ್ಷವಾಗಿದ್ದರು.

“ಉಸಿರು ನಿಲ್ತಿಲ್ಲ. ಇನ್ನಾದ್ರೂ ಮನೇಲಿ ಕೂರಲಿ,” ಎಂದೊಬ್ಬ.

“ನಿಮ್ಮಪ್ಪಂಗೂ ಹೀಗೇ ಹೇಳ್ತೀಯಾ?” ಎಂದು ಇನ್ನೊಬ್ಬ.

“ಅದು ಶಿಳ್ಳೆಯಲ್ಲ ಮೂರ್ಖರೇ. ಹಾಡಿನಲ್ಲಿ ಬೆಳಗಾಗುತ್ತಿದೆ. ಬೆಳಗಾದಾಗ ಹಕ್ಕಿ ಕೂಗುತ್ತದೆ. ಐವತ್ತು ವರ್ಷ ಸಾಧನೆ ಮಾಡಿದವರಿಗೆ ಮಾತ್ರ ಆ ಹಕ್ಕಿ ಒಲಿಯುತ್ತದೆ,” ಎಂದು ಮತ್ತೊಬ್ಬರು. ಇವರು ನಮ್ಮ ಮಹಡಿಯ ಮೇಲಿನ ಸಂಗೀತದ ಟೀಚರು ಎಂದು ಮಾರನೇ ದಿನ ಬೆಳಿಗ್ಗೆ ಗೊತ್ತಾಯಿತು. ಅವರ ಆರು ಮಂದಿ ಶಿಷ್ಯರು ಸಾಲಾಗಿ ಕೂತು ‘ಸ’ ಹಿಡಿದು ‘ಸುಂಯ್’ ಎನ್ನುತ್ತಿದ್ದರು.

“ತುಟಿಯಿಂದ ಅಲ್ಲ ಮಗು, ಹೃದಯದಿಂದ!” ಎಂದು ಟೀಚರು ಗದರುವುದು ಕೇಳಿಸುತ್ತಿತ್ತು.

ನಾನು ಸುಮ್ಮನಿದ್ದಿದ್ದರೆ ಹಕ್ಕಿಯ ಪಕ್ಷ ಗೆದ್ದುಬಿಡುತ್ತಿತ್ತೋ ಏನೋ. ಆದರೆ ದೊಡ್ಡವರನ್ನು ಮನೆಯಲ್ಲಿ ಕೂರು ಎನ್ನುವುದನ್ನು ಓದಿ ತಡೆಯಲಾಗಲಿಲ್ಲ. ತಪ್ಪು ನನ್ನದು, ಬೈಗುಳ ಅವರಿಗೆ. ನಿಜ ಹೇಳುವ ಹಾಗಿಲ್ಲ. ಹಾಗಾದರೆ ಯಾರ ಮೇಲೆ ಹಾಕಲಿ? ಮೈಕಿನ ಮೇಲೆ ಹಾಕಿದೆ. ಮೈಕಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಬಿ.ಪಿ.ಯಿಲ್ಲ. ‘ಸತ್ಯಪ್ರಿಯ’ ಎಂದು ಹೆಸರಿಟ್ಟುಕೊಂಡು ಬರೆದೆ: “ಗಾಯಕರದ್ದು ಎಳ್ಳಷ್ಟೂ ತಪ್ಪಿಲ್ಲ. ಇದು ಮೈಕಿನ ದೋಷ. ನಾನು ಈ ಕ್ಷೇತ್ರದಲ್ಲಿ ಇಪ್ಪತ್ತಾರು ವರ್ಷದ ಅನುಭವಸ್ಥ.” ಯಾವ ಕ್ಷೇತ್ರವೆಂದು ಬರೆಯಲಿಲ್ಲ. ನೆಮ್ಮದಿಯಾಗಿ ಊಟ ಮಾಡಿದೆ.

ಮೈಕಿಗೆ ಹೆಂಡತಿಯಿಲ್ಲ ನಿಜ. ಆದರೆ ಮೈಕಿನ ಹಿಂದೆ ಒಬ್ಬ ಮನುಷ್ಯನಿರುತ್ತಾನೆ, ಅವನಿಗೊಬ್ಬಳು ಅಕ್ಕನಿರುತ್ತಾಳೆ, ಆ ಅಕ್ಕ ನನ್ನ ಮನೆಯಲ್ಲೇ ಇರುತ್ತಾಳೆ ಎಂಬ ಸರಳ ವಿಷಯ ನನ್ನ ತಲೆಗೆ ಬಂದದ್ದು ಮಾರನೇ ದಿನ ಮಧ್ಯಾಹ್ನ. ಭಾಮೈದ ಬಾಗಿಲಲ್ಲಿ ನಿಂತಿದ್ದ. ಮುಖ ಸಣ್ಣದಾಗಿತ್ತು.

“ಕಾರ್ಯದರ್ಶಿಗಳು ಕರೆದು ಕೇಳಿದ್ರು ಭಾವ. ಯಾರೋ ದೊಡ್ಡ ಎಕ್ಸ್‌ಪರ್ಟ್ ಬರೆದಿದಾನಂತೆ. ಒಂಬೈನೂರು ಜನ ಹೌದು ಹೌದು ಅಂದಿದಾರೆ. ಶನಿವಾರ ಸಮಿತಿ ಕೂರುತ್ತೆ. ಸರಿಯಾದ ಕಾರಣ ಕೊಡದಿದ್ರೆ ಭಾನುವಾರದ ಕಛೇರಿಗೆ ಬೇರೆಯೋನು ಬರ್ತಾನೆ, ನಾನು ಮತ್ತೆ ವೈರು ಸುತ್ತೋಕೆ ಹೋಗ್ಬೇಕು.”

“ಯಾವ ಎಕ್ಸ್‌ಪರ್ಟು?” ಎಂದಳು ನನ್ನ ಹೆಂಡತಿ. ದನಿ ಕೇಳಿಯೇ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

“ಸತ್ಯಪ್ರಿಯ ಅಂತೆ.”

ಅವಳು ಫೋನ್ ತೆಗೆದುಕೊಂಡು ಸೋಫಾದ ಮೇಲೆ ಕೂತಳು. ಪಕ್ಕದಲ್ಲಿ ನಾನು. “ಲೋ ಸತ್ಯಪ್ರಿಯ,” ಎಂದು ಗಟ್ಟಿಯಾಗಿ ಹೇಳಿಕೊಂಡೇ ಬರೆದಳು, “ನಿನ್ನ ಕಿವೀಲಿ ಹತ್ತಿ ಇದೆಯೋ ಕಸ ಇದೆಯೋ? ಹೆಸರು ಹಾಕ್ಕೊಂಡು ಮಾತಾಡೋ ಯೋಗ್ಯತೆ ಇಲ್ದೋನು ಯಾರ ಅನ್ನಕ್ಕೆ ಕಲ್ಲು ಹಾಕ್ತಿದೀಯ?” ಕಳಿಸುವ ಮುಂಚೆ ನನ್ನ ಕಡೆ ತಿರುಗಿದಳು. “ಸರಿಯಾಗಿದೆಯಾ ರೀ?”

“ಸ್ವಲ್ಪ ಖಾರ ಆಯ್ತೇನೋ.”

“ಖಾರ? ಇನ್ನೂ ಶುರುನೇ ಮಾಡಿಲ್ಲ ನಾನು!”

ಆ ಮಧ್ಯಾಹ್ನ ಸತ್ಯಪ್ರಿಯನ ವಂಶದಲ್ಲಿ ಯಾರೂ ಉಳಿಯಲಿಲ್ಲ. ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನನ್ನ ಫೋನಿನ ಸದ್ದು ಆರಿಸಿ ಬಂದೆ. ಭಾಮೈದ ಊಟ ಬೇಡವೆಂದು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆ ಹದಿನಾಲ್ಕನೇ ನಿಮಿಷವನ್ನೇ ಮತ್ತೆ ಮತ್ತೆ ಕೇಳುತ್ತಿದ್ದ. ಕೊನೆಗೆ, “ಇದು ಮೈಕಿಂದಲ್ಲ ಭಾವ. ಮೈಕಿಗೆ ಬರೋಕೆ ಮೊದಲೇ ಇದೆ. ಬಾಯಿಂದಲೇ ಬರ್ತಿದೆ. ಆದ್ರೆ ಅಂಥೋರ ಬಾಯಿ ಸರಿಯಿಲ್ಲ ಅಂತ ನಾನು ಹೇಗೆ ಹೇಳ್ಲಿ?” ಎಂದ. ನಾನು ಪಿಳಿಪಿಳಿ ಕಣ್ಣು ಬಿಟ್ಟೆ.

ಸಂಜೆಯೇ ಸತ್ಯಪ್ರಿಯ ತನ್ನ ಮಾತು ವಾಪಸ್ ತೆಗೆದುಕೊಂಡ. “ಮರುಪರಿಶೀಲಿಸಿದೆ. ಮೈಕು ಚೆನ್ನಾಗಿಯೇ ಇದೆ. ಕ್ಷಮಿಸಿ.” ಇದರಿಂದ ಬೆಂಕಿ ಆರುತ್ತದೆಂದು ತಿಳಿದಿದ್ದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: “ನೋಡಿದಿರಾ? ಮೈಕಿನವನ ಕಡೆಯವರು ಸತ್ಯಪ್ರಿಯರನ್ನು ಹೆದರಿಸಿದ್ದಾರೆ!” ಇನ್ನೊಬ್ಬರು, “ಸತ್ಯಪ್ರಿಯರೇ, ಧೈರ್ಯವಾಗಿರಿ, ನಾವಿದ್ದೇವೆ,” ಎಂದರು. ಒಬ್ಬರಂತೂ ಆ ಕ್ಷೇತ್ರದಲ್ಲಿ ತಾವೂ ಸತ್ಯಪ್ರಿಯರ ಕೈಕೆಳಗೆ ಕೆಲಸ ಮಾಡಿದ್ದಾಗಿಯೂ, ಅಂಥ ನಿಷ್ಠುರ ಮನುಷ್ಯ ಇನ್ನೊಬ್ಬರಿಲ್ಲವೆಂದೂ ಬರೆದರು. ಅವರು ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಶುಕ್ರವಾರ ಬೆಳಿಗ್ಗೆ ಡಾಕ್ಟರ ಫೋನು. “ದೊಡ್ಡವರಿಗೆ ಆ ಸಂದಿಯಿಂದ ಶಿಳ್ಳೆ ಬರ್ತಿದೆಯಂತೆ. ಭಾನುವಾರ ಕಛೇರಿ. ನಿಮ್ಮಲ್ಲಿಗೇ ಕಳಿಸ್ತಿದೀನಿ, ಕೂತಿದ್ದು ತಗೊಂಡೇ ಹೋಗ್ತಾರೆ.”

ಬಾಯಿಗೆ ಕರ್ಚೀಫು ಅಡ್ಡ ಹಿಡಿದು ದೊಡ್ಡವರೇ ನನ್ನ ಲ್ಯಾಬಿಗೆ ಬಂದರು. ಪ್ಲಾಸ್ಟರ್ ಪುಡಿ ಮೆತ್ತಿದ ಸ್ಟೂಲನ್ನು ನನ್ನ ಅಂಗಿಯಿಂದಲೇ ಒರೆಸಿ ಕೂರಿಸಿದೆ. ಅವರು ಹಲ್ಲು ತೆಗೆದು ನನ್ನ ಅಂಗೈ ಮೇಲಿಟ್ಟರು. ಮುಂದಿನ ಎರಡನ್ನು ಬಿಡಿಸಿ, ಅವಕ್ಕಿಂತ ಕೊಂಚ ಅಗಲದ ಹಲ್ಲು ಆರಿಸಿ, ಮೇಣದಲ್ಲಿ ಹಿಡಿದು ನೋಡುತ್ತಿದ್ದೆ.

“ಈ ಸಂದು ಯಾಕೆ ಬಿಟ್ರಿ ತಮ್ಮಾ?” ಎಂದರು. ಹಲ್ಲಿಲ್ಲದ ಮಾತು, ಆದರೂ ದನಿ ಅದೇ.

ಹೇಳಿಬಿಟ್ಟೆ. ಗೋಡೆ, ಹೊದಿಕೆ, ನಗು, ಅಕ್ಕಿಕಾಳು ಎಲ್ಲ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅಯ್ಯೋ ಪುಣ್ಯಾತ್ಮ! ಆ ಹೊದಿಕೆ ಮೇಲಿರೋನು ನಾನಲ್ಲ. ಪಿಟೀಲಿನವನು! ಕಂಪನಿಯೋರು ಫೋಟೋ ಅದಲುಬದಲು ಮಾಡಿದ್ರು. ಮೊದಲ ಕ್ಯಾಸೆಟ್ಟು, ಜಗಳ ಯಾಕೆ ಅಂತ ಸುಮ್ನಾದೆ. ದಿನಾ ಕನ್ನಡಿ ಮುಂದೆ ನಿಂತು, ಈ ಬಾಯಿ ಎಲ್ಲೋ ನೋಡಿದೀನಲ್ಲ ಅಂತ ಯೋಚನೆ ಮಾಡ್ತಿದ್ದೆ ನೋಡಿ!”

ನಲವತ್ತು ವರ್ಷ ನಾನು ಭಕ್ತಿಯಿಂದ ನೋಡಿಕೊಂಡು ಬಂದದ್ದು ಪಿಟೀಲಿನವನ ಬಾಯಿ. ಅವಮಾನದಲ್ಲಿ ಬಾಗಿ ಹಲ್ಲಿಗೆ ಪಾಲಿಶ್ ಹಾಕತೊಡಗಿದೆ. ಅದೇ ಉಸಿರಿನಲ್ಲಿ ಸತ್ಯಪ್ರಿಯನ ಕಥೆಯನ್ನೂ, ಭಾಮೈದನ ಕಥೆಯನ್ನೂ ಕಕ್ಕಿದೆ.

ಅವರ ನಗು ನಿಂತಿತು. “ಹಾಗಾದ್ರೆ ನಾಳೆ ನಾನೇ ಸಮಿತಿಗೆ ಹೇಳ್ತೀನಿ, ಹಲ್ಲಿನದು ಅಂತ. ಆ ಹುಡುಗನ ಕೆಲಸ ಉಳೀಲಿ.” ಹೇಳಿದರು, ಆದರೆ ಕೈ ತಾನಾಗಿ ಕರ್ಚೀಫನ್ನು ಬಾಯಿಗೆ ಒಯ್ಯಿತು. ನಾನು ಹಲ್ಲು ವಾಪಸ್ ಕೊಡುವವರೆಗೂ ಬಾಗಿಲ ಕಡೆಯೇ ನೋಡುತ್ತಿದ್ದರು, ಯಾರಾದರೂ ಬಂದಾರೆಂದು.

“ಬೇಡ ಸಾರ್. ನೀವೇನೂ ಹೇಳ್ಬೇಡಿ. ನಾನು ನೋಡ್ಕೋತೀನಿ,” ಎಂದೆ. ಏನು ನೋಡಿಕೊಳ್ಳುತ್ತೇನೆಂದು ನನಗೂ ಗೊತ್ತಿರಲಿಲ್ಲ.

ಶನಿವಾರ ಸಂಘದ ಕೋಣೆ. ಉದ್ದ ಮೇಜು, ಐದು ಮಂದಿ ಸಮಿತಿ, ನಡುವೆ ಕಾರ್ಯದರ್ಶಿ. ಒಂದು ಪಕ್ಕ ಹೊಸ ಹಲ್ಲು ಹಾಕಿಕೊಂಡು ಬಾಯಿ ಬಿಗಿದ ದೊಡ್ಡವರು, ಇನ್ನೊಂದು ಪಕ್ಕ ಮೈಕನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡ ಭಾಮೈದ. ಅಭಿಮಾನಿಗಳ ಪರವಾಗಿ ನಮ್ಮ ಮಹಡಿಯ ಟೀಚರು. ತಮ್ಮನ ಪರವಾಗಿ ನನ್ನ ಹೆಂಡತಿ. ಅವಳ ಹಿಂದೆ ನಾನು.

“ಶಿಳ್ಳೆ ಬಂದದ್ದು ನಿಜ,” ಎಂದರು ಕಾರ್ಯದರ್ಶಿ. “ಕಾರಣ ದಾಖಲಾಗ್ಬೇಕು. ಗಾಯಕರದ್ದಲ್ಲ ಅಂದ್ಮೇಲೆ ಮೈಕಿನದ್ದು. ಬೇರೆ ಕಾರಣ ಇದ್ರೆ ಈಗಲೇ ಹೇಳಿ.”

“ಹಕ್ಕಿ,” ಎಂದರು ಟೀಚರು.

“ಹಕ್ಕಿ ಅಂತ ಬರೆಯೋಕಾಗಲ್ಲ ಅಮ್ಮಾ.”

ಕಾರ್ಯದರ್ಶಿ ಪೆನ್ನಿನ ಮುಚ್ಚಳ ತೆಗೆದರು. ಭಾಮೈದ ತಲೆ ತಗ್ಗಿಸಿದ. ದೊಡ್ಡವರು ಕುರ್ಚಿಯ ಕೈ ಹಿಡಿದು ಏಳಹೊರಟರು. ಅಷ್ಟರಲ್ಲಿ ನಾನು ಎದ್ದು ನಿಂತಿದ್ದೆ.

“ಶಿಳ್ಳೆ ಹೊಡೆದೋನು ನಾನು.”

ಹೆಂಡತಿ ನಿಧಾನವಾಗಿ ತಿರುಗಿದಳು.

“ಮೂರನೇ ಸಾಲಲ್ಲಿ ಕೂತಿದ್ದೆ. ಹಾಡು ಕೇಳಿ ತಡೆಯೋಕಾಗ್ಲಿಲ್ಲ. ‘ಸ’ ಬಂದಾಗೆಲ್ಲ ತಾನಾಗೇ ಬಂದ್ಬಿಡ್ತು.”

“ಈ ವಯಸ್ಸಲ್ಲಿ?” ಎಂದರು ಕಾರ್ಯದರ್ಶಿ.

“ಅಭಿಮಾನ ಸಾರ್.”

ಭಾಮೈದ ಬಾಯಿ ತೆರೆದ. “ಆದ್ರೆ ಮೂರನೇ ಸಾಲಿನ ಸದ್ದು ಆ ಮೈಕಿಗೆ...” ಎಂದವನು ನನ್ನ ಮುಖ ನೋಡಿ ಬಾಯಿ ಮುಚ್ಚಿದ. ಕಾರ್ಯದರ್ಶಿ ದೊಡ್ಡವರ ಕಡೆ ತಿರುಗಿದರು. “ತಮಗೇನಾದ್ರೂ ಕೇಳಿಸಿತ್ತಾ?”

ದೊಡ್ಡವರು ನನ್ನ ಕಡೆ ನೋಡಿದರು. ನಾನು ಕಣ್ಣಲ್ಲೇ ಕೈ ಮುಗಿದೆ. “ಮುಂಭಾಗದಿಂದಲೇ ಬಂತು,” ಎಂದರು. “ಅಷ್ಟು ಮಾತ್ರ ಗ್ಯಾರಂಟಿ.”

“ಆರು ಮಕ್ಕಳಿಗೆ ಕಲಿಸಿಬಿಟ್ಟೆನಲ್ರೀ!” ಎಂದು ಟೀಚರು ತಲೆ ಮೇಲೆ ಕೈ ಹೊತ್ತರು. “ಅದರಲ್ಲಿ ಇಬ್ಬರು ಮುಂದಿನ ವಾರ ಪರೀಕ್ಷೆಗೆ ಕೂರ್ತಿದಾರೆ!”

ದಾಖಲಾಯಿತು. ಮೈಕು ನಿರ್ದೋಷಿ, ಗಾಯಕರು ನಿರ್ದೋಷಿ. ಮೂರನೇ ಸಾಲಿನ ಅಭಿಮಾನಿಗೆ ಒಂದು ವರ್ಷ ಸಭಾಂಗಣಕ್ಕೆ ಪ್ರವೇಶವಿಲ್ಲ. ಸಂಘದವರು ಅದನ್ನು ವಿಡಿಯೋದ ಕೆಳಗೆ ಹಾಕಿದರು. ಆವತ್ತು ನಡೆದದ್ದು ಅಪರೂಪದ ಸಂಗತಿ: ಅಭಿಮಾನಿಗಳಲ್ಲಿ ಎರಡು ಪಕ್ಷ ಹೋಗಿ ಒಂದೇ ಪಕ್ಷವಾಯಿತು. ಮನೆಯಲ್ಲಿ ಕೂರಲಿ ಎಂದವನೂ, ನಿಮ್ಮಪ್ಪಂಗೂ ಹೇಳ್ತೀಯಾ ಎಂದವನೂ ಸೇರಿ ನನ್ನ ಜಾತಕ ಜಾಲಾಡಿದರು. ಸತ್ಯಪ್ರಿಯರು ಇದಕ್ಕೇನು ಹೇಳುತ್ತಾರೆಂದು ಕೆಲವರು ಕಾದರು. ಸತ್ಯಪ್ರಿಯರು ಏನೂ ಹೇಳಲಿಲ್ಲ.

ಹೆಂಡತಿ ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಮನೆಯ ಮೆಟ್ಟಿಲ ಹತ್ತಿರ ನಿಂತು, “ನನ್ನ ತಮ್ಮನ ಕೆಲಸ ಹೋಗ್ತಿತ್ತು. ಮೂರು ದಿನ ಪಕ್ಕದಲ್ಲೇ ಕೂತು ನೋಡ್ತಿದ್ರಲ್ಲಾ,” ಎಂದಳು. ಅದು ನಿಜವಾದ್ದರಿಂದ ನನಗೆ ಬೈಗುಳಕ್ಕಿಂತ ಜೋರಾಗಿ ತಾಗಿತು.

ಭಾನುವಾರ ಸಂಜೆ ಸಭಾಂಗಣದ ಹಿಂದೆ, ಸೈಕಲ್ ನಿಲ್ಲಿಸುವ ಕಡೆ ನಿಂತಿದ್ದೆ. ಗೋಡೆಯ ಮೂಲಕ ಏನಾದರೂ ಕೇಳಿಸೀತೆಂಬ ಆಸೆ. ಕೇಳಿಸಿದ್ದು ನೀರಿನ ಪಂಪು. ಪಕ್ಕದ ಸಣ್ಣ ಬಾಗಿಲು ತೆರೆಯಿತು, ಭಾಮೈದ ಇಣುಕಿದ.

“ಬನ್ನಿ ಒಳಗೆ. ಬೇಗ.”

ಅವನ ಮೈಕಿನ ಕೋಣೆ ಕಪಾಟಿನಷ್ಟಿತ್ತು. ಗಾಜಿನಾಚೆ ತುಂಬಿದ ಸಭೆ, ವೇದಿಕೆಯ ಮೇಲೆ ದೊಡ್ಡವರು ಶ್ರುತಿ ಸರಿಮಾಡಿಕೊಳ್ಳುತ್ತಿದ್ದರು. ಅವನು ಬಾಗಿಲು ಹಾಕಿ ನನ್ನೆದುರು ನಿಂತ.

“ಭಾವ, ಒಂದ್ಸಲ ಶಿಳ್ಳೆ ಹೊಡೀರಿ ನೋಡೋಣ.”

“ಈಗ ಯಾಕೋ?”

“ಗಾಜು ದಪ್ಪ ಇದೆ, ಆಚೆ ಕೇಳ್ಸಲ್ಲ. ಹೊಡೀರಿ.”

ತುಟಿ ದುಂಡಗೆ ಮಾಡಿ ಊದಿದೆ. ಗಾಳಿ ಬಂತು. ಬೆರಳಿಟ್ಟು ಊದಿದೆ. ಉಗುಳು ಬಂತು. ನನಗೆ ಜನ್ಮದಲ್ಲಿ ಶಿಳ್ಳೆ ಹೊಡೆಯಲು ಬಂದಿಲ್ಲ.

ಅವನು ನಗಲಿಲ್ಲ. “ಅನ್ಕೊಂಡೆ,” ಎಂದ. “ಯಾರನ್ನ ಉಳಿಸಿದ್ರಿ ಅಂತ ಕೇಳಲ್ಲ. ನನ್ನನ್ನಂತೂ ಉಳಿಸಿದ್ರಿ.” ತನ್ನ ಕುರ್ಚಿಯನ್ನು ನನ್ನ ಕಡೆ ತಳ್ಳಿ, ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಹಾಕಿದ. ಅವನ ಕಣ್ಣು ಒದ್ದೆಯಾಗಿತ್ತು. ಅದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ.

“ಸತ್ಯಪ್ರಿಯ ನಾನೇ ಕಣೋ,” ಎಂದೆ.

ಅದೇ ಹೊತ್ತಿಗೆ ದೊಡ್ಡವರು ಹಾಡು ಎತ್ತಿಕೊಂಡರು. ಕಿವಿಯ ತುಂಬ ಅವರದೇ ದನಿ. ‘ಸ’ ಬಂತು, ಮತ್ತೆ ಬಂತು. ಒಂದು ಎಳೆ ಗಾಳಿ ಸೋರಲಿಲ್ಲ. ಮೊದಲ ಸಲ ಅವರ ಬಾಯಿ ನೋಡುವುದು ಬಿಟ್ಟು ಹಾಡು ಕೇಳಿದೆ. ಎದುರಿಗೆ ಭಾಮೈದ ನನಗೆ ಏನೋ ಹೇಳುತ್ತಿದ್ದ. ಒಂದಕ್ಷರ ಕೇಳಿಸಲಿಲ್ಲ, ಆದರೆ ಇಪ್ಪತ್ತಾರು ವರ್ಷ ಬಾಯಿಗಳ ಜೊತೆ ಕಳೆದವನಿಗೆ ಬಾಯಿ ಆಡಿದ್ದು ನೋಡಿದರೆ ಸಾಕು. ಇಲ್ಲಿ ಬರೆಯುವಂಥದ್ದಲ್ಲ. ಸಾಕಷ್ಟು ಹೊತ್ತು ಹೇಳಿದ, ಉಸಿರು ತೆಗೆದುಕೊಂಡು ಇನ್ನೂ ಸ್ವಲ್ಪ ಹೇಳಿದ. ಎಲ್ಲ ಹೇಳಿ ಮುಗಿಸಿ ಮುಖ ಒರೆಸಿಕೊಂಡು, ತನ್ನ ಪೆಟ್ಟಿಗೆಯ ಕಡೆ ಬಾಗಿ, ನನ್ನ ಹೆಡ್‌ಫೋನಿನ ಧ್ವನಿಯನ್ನು ಒಂದು ಗೆರೆ ಏರಿಸಿದ.